ಹಳೆಯ ಹೊಲಿಗೆ ಯಂತ್ರ ಕೊಳ್ಳುವ ಮುನ್ನ ಬಾಬಿನ್ ನೋಡಿ

ಮಾರಾಟಕ್ಕಿಟ್ಟ ಹಳೆಯ ಹೊಲಿಗೆ ಯಂತ್ರದ ಮುಂದೆ ನಿಂತಾಗ ಕಣ್ಣು ಮೊದಲು ಹೋಗುವುದು ಕಪ್ಪು ಮೈಮೇಲಿನ ಹೊಂಬಣ್ಣದ ಬಳ್ಳಿಗೆ. ಕೈ ಹೋಗಬೇಕಾದದ್ದು ಸೂಜಿಯ ಪಕ್ಕದ ಪುಟ್ಟ ತಗಡಿಗೆ. ಬೆರಳಿನಿಂದ ಎಳೆದರೆ ಜಾರುವ ಆ ತಗಡಿನ ಅಡಿಯಲ್ಲಿ ಬಾಬಿನ್, ಅಂದರೆ ಕೆಳದಾರ ಸುತ್ತಿದ ಪುಟ್ಟ ಉರುಳೆ, ಕೂರುತ್ತದೆ. ಯಂತ್ರ ಯಾವ ಮಾದರಿಯದು, ಮನೆಗೆ ತಂದರೆ ಹೊಲಿಯುತ್ತದೆಯೇ ಅಥವಾ ಷೋಕೇಸಿನಲ್ಲಿ ಕೂರುತ್ತದೆಯೇ ಎಂಬ ಪ್ರಶ್ನೆಗಳಿಗೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಇರುತ್ತದೆ.

ಇದನ್ನು ನಾನು ಕಲಿತದ್ದು ಕಳೆದುಕೊಂಡು. ನಾನು ಕೊಂಡ ಮೊದಲ ಕೈಯಂತ್ರದ ಮೇಲೆ ಈಜಿಪ್ಟಿನ ಸ್ಫಿಂಕ್ಸ್ ಚಿತ್ರ ಇತ್ತು, ಒಂದು ಗೆರೆಯೂ ಮಾಸಿರಲಿಲ್ಲ. ಮನೆಗೆ ತಂದು ತಗಡು ಜಾರಿಸಿದರೆ ಒಳಗೆ ಧೂಳು, ಒಂದು ತುಂಡು ಕೆಂಪು ದಾರ, ಅಷ್ಟೇ. ಬಾಬಿನ್ ಹೊರುವ ಉದ್ದನೆಯ ಷಟಲ್ ಇರಲೇ ಇಲ್ಲ. ಅದಕ್ಕೆ ಹೊಂದುವ ಷಟಲ್ ಸಿಗುವವರೆಗೆ ಆ ಯಂತ್ರ ಒಂದು ಹೊಲಿಗೆಯನ್ನೂ ಹಾಕಲಿಲ್ಲ.

ಹುಡುಕುವುದು ಹೇಗೆ

ಮಾರುವವರಲ್ಲಿ ಬಹುಪಾಲು ಜನರಿಗೆ ತಮ್ಮ ಬಳಿ ಇರುವುದು ಯಾವ ಮಾದರಿ ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಜಾಹೀರಾತುಗಳಲ್ಲಿ ಮಾದರಿಯ ಸಂಖ್ಯೆ ಹುಡುಕಿದರೆ ಸಿಗುವುದು ಕಡಿಮೆ. ‘ಹಳೆಯ ಮಷಿನ್’, ‘ಅಜ್ಜಿಯ ಮಷಿನ್’, ‘ಕಬ್ಬಿಣದ ಕಾಲಿನ ಮೇಜು’ ಎಂದು ಹುಡುಕಿ. ಕಂಪನಿಯ ಹೆಸರನ್ನು ತಪ್ಪು ಕಾಗುಣಿತದಲ್ಲಿಯೂ ಹುಡುಕಿ ನೋಡಿ. ಕಾಲಿನಿಂದ ತುಳಿಯುವ ಯಂತ್ರ ಪೀಠೋಪಕರಣಗಳ ಪಟ್ಟಿಯಲ್ಲಿ ಮೇಜಾಗಿ ಅವಿತಿರುವುದು ಎಷ್ಟೋ ಸಲ. ಗುಜರಿಯವರನ್ನೂ ಕೇಳಿಡಿ: ಕಬ್ಬಿಣದ ಕಾಲುಗಳನ್ನು ಊಟದ ಮೇಜಿಗೆಂದು ಬಿಚ್ಚಿಕೊಂಡವರು ಯಂತ್ರದ ತಲೆಯನ್ನು ಅಲ್ಲಿಗೆ ಹಾಕಿರುತ್ತಾರೆ, ನಮಗೆ ಬೇಕಾದದ್ದು ಆ ತಲೆಯೇ.

ದರ್ಜಿಯ ಯಂತ್ರವೋ, ಮನೆಯಲ್ಲಿ ಮುಚ್ಚಿಟ್ಟ ಯಂತ್ರವೋ ಎಂದು ಆಯ್ದುಕೊಳ್ಳಬೇಕಾಗಿ ಬಂದರೆ ನಾನು ದರ್ಜಿಯದನ್ನೇ ಆರಿಸುತ್ತೇನೆ. ಬಣ್ಣ ಸವೆದಿರಬಹುದು, ಆದರೆ ದಿನಾ ಎಣ್ಣೆ ಕಂಡಿರುತ್ತದೆ.

‘ನೂರು ವರ್ಷ ಹಳೆಯದು, ಬಹಳ ಅಪರೂಪ’ ಎಂಬ ಮಾತಿಗೆ ಮರುಳಾಗಬೇಡಿ. ನೂರು ವರ್ಷದ ಮಾತು ನಿಜವಿದ್ದರೂ ಅಪರೂಪವಾಗಬೇಕೆಂದಿಲ್ಲ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಕಾರ್ಖಾನೆಯೊಂದೇ 1913ರಲ್ಲಿ 13 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ತಯಾರಿಸಿತ್ತು. ಇನ್ನೊಂದು ಕತೆ ಇದಕ್ಕಿಂತ ಅಪಾಯಕಾರಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಯಂತ್ರಗಳೊಳಗೆ ‘ಕೆಂಪು ಪಾದರಸ’ ಎಂಬ ಬೆಲೆಬಾಳುವ ವಸ್ತು ಇದೆ ಎಂಬ ವದಂತಿ ಹಬ್ಬಿ, ಬೆಲೆ ಗಗನಕ್ಕೇರಿತು. ಸೂಜಿಯ ಬಳಿ ಮೊಬೈಲ್ ಹಿಡಿದು, ಕರೆ ಕಡಿದುಹೋದರೆ ಪಾದರಸ ಇದೆ ಎಂದು ಜನ ಪರೀಕ್ಷಿಸಿದರು. ಅಂಥ ವಸ್ತು ಯಾವ ಹೊಲಿಗೆ ಯಂತ್ರದಲ್ಲೂ ಇಲ್ಲ. ಈ ಮಾತು ಎತ್ತುವವರ ಬಳಿ ವ್ಯಾಪಾರ ಮಾಡಬೇಡಿ.

ಹೋಗಿ ನೋಡುವ ಮೊದಲು ಫೋಟೊ ತರಿಸಿಕೊಳ್ಳಿ. ಮುಂಭಾಗ, ಸೂಜಿಯ ಕಡೆಯ ತುದಿ, ಚಕ್ರದ ಕಡೆ, ತಗಡು ತೆರೆದಾಗ ಕಾಣುವ ಬಾಬಿನ್, ಕೆತ್ತಿದ ಸಂಖ್ಯೆ, ಯಂತ್ರವನ್ನು ಹಿಂದಕ್ಕೆ ವಾಲಿಸಿ ತೆಗೆದ ತಳಭಾಗ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಮೇಲ್ಭಾಗವನ್ನು ಯಾರು ಬೇಕಾದರೂ ಒರೆಸಿ ಹೊಳೆಯಿಸಬಹುದು, ತಳದ ತುಕ್ಕನ್ನು ಒರೆಸಲು ಯಾರೂ ಹೋಗುವುದಿಲ್ಲ.

ಬಾಬಿನ್ ಹೇಳುವುದೇನು

ಬಾಬಿನ್ ಎರಡೂ ತುದಿಗೆ ಬಿಲ್ಲೆಯಿರುವ ತೆಳು ಕಡ್ಡಿಯಂತಿದ್ದು, ಬಂದೂಕಿನ ಗುಂಡಿನಾಕಾರದ ಷಟಲ್ಲಿನೊಳಗೆ ಮಲಗಿದ್ದರೆ ಅದು ಹಳೆಯ ಪದ್ಧತಿಯ ಯಂತ್ರ. ಚಕ್ರ ತಿರುಗಿಸಿದಾಗ ಷಟಲ್ ಗಡಿಯಾರದ ಲೋಲಕದಂತೆ ಕಮಾನಿನಲ್ಲಿ ತೂಗಿದರೆ, ಸಿಂಗರ್ ಆದಲ್ಲಿ, 27 ಅಥವಾ 28ನೆಯ ಮಾದರಿ ಇರಬಹುದು. 28 ಎಂಬುದು 27ರ ಚಿಕ್ಕ ತಂಗಿ, ಅಳತೆಯಲ್ಲಿ ಮುಕ್ಕಾಲು. ಇವುಗಳ ಮುಂದಿನ ರೂಪ 127 ಮತ್ತು 128. ಬಾಬಿನ್ನಿಗೆ ದಾರ ಸುತ್ತುವ ಸಾಧನ ಕೆಳಗೆ ಪೀಠದ ಹತ್ತಿರವಿದ್ದರೆ ಹಿಂದಿನದು, ಮೇಲೆ ಚಕ್ರದ ಎತ್ತರಕ್ಕೆ ಏರಿದ್ದರೆ ಸಾಮಾನ್ಯವಾಗಿ ಮುಂದಿನದು. ಷಟಲ್ ಕಮಾನಿನಲ್ಲಿ ತೂಗದೆ ನೇರ ಗೆರೆಯಲ್ಲಿ ಓಡಾಡಿದರೆ ಇನ್ನೂ ಹಿಂದಿನ ವಿನ್ಯಾಸ. 1865ರಲ್ಲಿ ಬಂದ ಸಿಂಗರ್ 12 ಈ ಬಗೆಯದು. ಅದರ ಪೀಠ ಆಯತವಲ್ಲ, ಪಿಟೀಲಿನಂತೆ ಸೊಂಟ ಸಣ್ಣಗಾಗಿರುತ್ತದೆ. ನೋಡಲು ಬಲು ಚೆಂದ. ಆದರೆ ಇಂದು ಸುಲಭವಾಗಿ ಸಿಗುವ ಸೂಜಿ ಅದಕ್ಕೆ ಹೊಂದುವುದಿಲ್ಲ. ಹೊಲಿಯಲೆಂದೇ ಕೊಳ್ಳುವವರು ಇದನ್ನು ಮರೆಯಬಾರದು.

ದುಂಡನೆಯ ಬಾಬಿನ್ ತನ್ನ ಲೋಹದ ಗೂಡಿನೊಳಗೆ ಚಕ್ರದಂತೆ ನೆಟ್ಟಗೆ ನಿಂತಿದ್ದರೆ ಸಿಂಗರ್ 15ರ ವಂಶ. ದಾರದ ಬಿಗಿ ಹೊಂದಿಸುವ ತಿರುಪು ಎದುರಿಗಲ್ಲ, ಎಡತುದಿಯ ಫಲಕದ ಮೇಲೆ ಇದ್ದರೆ ಊಹೆ ಗಟ್ಟಿಯಾಯಿತು. ಎರಡನೆಯ ಮಹಾಯುದ್ಧದ ಬಳಿಕ ಜಪಾನಿನಲ್ಲಿ ಇದೇ ವಿನ್ಯಾಸದ ಯಂತ್ರಗಳು ಲೆಕ್ಕವಿಲ್ಲದಷ್ಟು ಹೆಸರುಗಳಲ್ಲಿ ತಯಾರಾದವು. ಹೆಸರು ಅಪರಿಚಿತ ಎಂದು ಅವುಗಳನ್ನು ಬಿಟ್ಟು ಹೋಗಬೇಡಿ, ದಪ್ಪ ಬಟ್ಟೆಗೂ ಜಗ್ಗದ ಗಟ್ಟಿಮುಟ್ಟಾದ ಯಂತ್ರಗಳು ಅವು. ದೊಡ್ಡ ಅಂಗಡಿಗಳು ಬೇರೆ ಕಾರ್ಖಾನೆಯ ಯಂತ್ರಗಳ ಮೇಲೆ ತಮ್ಮ ಹೆಸರು ಬರೆಸುತ್ತಿದ್ದುದೂ ಉಂಟು. ಹೀಗಾಗಿ ಹೆಸರಿಗಿಂತ ಆಕಾರವನ್ನು ನಂಬುವುದು ಮೇಲು.

ದುಂಡನೆಯ ಬಾಬಿನ್ ತಟ್ಟೆಯಂತೆ ಅಡ್ಡಲಾಗಿ ಮಲಗಿದ್ದರೆ ಸಿಂಗರ್ 66, ಅದರ ಚಿಕ್ಕ ರೂಪವಾದ 99, ಇಲ್ಲವೇ 201. ಯಂತ್ರವನ್ನು ವಾಲಿಸಿ ತಳ ನೋಡಿ: ಹಿಂದೆ ಮುಂದೆ ಆಡುವ ಸಲಾಕೆಗಳು ಕಂಡರೆ 66 ಅಥವಾ 99, ಒಂದಕ್ಕೊಂದು ಹಲ್ಲು ಕಚ್ಚಿದ ಗಿಯರುಗಳು ಕಂಡರೆ 201. ಚಕ್ರ ಬೆಣ್ಣೆಯಂತೆ ತಿರುಗುವ 201 ಸಿಕ್ಕರೆ ನಾನಂತೂ ಎರಡನೆಯ ಯೋಚನೆ ಮಾಡುವುದಿಲ್ಲ. ಈ ಮಾದರಿಗಳ ಬಾಬಿನ್ನಿನ ಎರಡೂ ಮುಖ ಸ್ವಲ್ಪ ಉಬ್ಬಿರುತ್ತದೆ, 15ರ ಬಾಬಿನ್ನಿನದು ಸಪಾಟು. ಒಂದರದ್ದು ಇನ್ನೊಂದಕ್ಕೆ ಹಾಕಿ ‘ಯಂತ್ರ ಕೆಟ್ಟಿದೆ’ ಎಂದು ಮಾರುವವರೂ ಇದ್ದಾರೆ.

ಬಾಬಿನ್ನೇ ಇಲ್ಲದ, ಇರಬೇಕಾಗಿಯೂ ಇಲ್ಲದ ಯಂತ್ರಗಳೂ ಇವೆ. ಅವು ಒಂದೇ ದಾರದ ಸರಪಳಿ ಹೊಲಿಗೆ ಹಾಕುತ್ತವೆ, ತುದಿ ಹಿಡಿದೆಳೆದರೆ ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳುತ್ತದೆ. ವಿಲ್‌ಕಾಕ್ಸ್ ಅಂಡ್ ಗಿಬ್ಸ್ ಕಂಪನಿಯ ಯಂತ್ರ ಇವುಗಳಲ್ಲಿ ಹೆಸರುವಾಸಿ. ಅದರ ಮೈ ಇಂಗ್ಲಿಷಿನ ‘ಜಿ’ ಅಕ್ಷರದಂತೆ ಬಾಗಿರುವುದರಿಂದ ದೂರದಿಂದಲೇ ಗುರುತು ಹಿಡಿಯಬಹುದು.

ಸಂಖ್ಯೆ ಓದುವುದು

ಸಿಂಗರ್ ಯಂತ್ರದ ಕ್ರಮಸಂಖ್ಯೆ ಸಾಮಾನ್ಯವಾಗಿ ಪೀಠದ ಬಲಭಾಗದಲ್ಲಿ, ಕಂಬದ ಬುಡದ ಸುತ್ತಮುತ್ತ ಕೆತ್ತಿರುತ್ತದೆ. ಕೊಳೆ ತುಂಬಿದ್ದರೆ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಆಗಲೂ ಕಾಣದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ. ಬರಿಯ ಅಂಕಿಗಳಿದ್ದರೆ 1900ಕ್ಕಿಂತ ಹಿಂದಿನದು. ಮುಂದೆ ಒಂದು ಅಕ್ಷರವಿದ್ದರೆ ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದ ಮೊದಲ ಮೂರೂವರೆ ದಶಕದೊಳಗಿನದು, ಎರಡು ಅಕ್ಷರಗಳಿದ್ದರೆ 1920ರ ದಶಕದ ನಡುಭಾಗದಿಂದ ಈಚಿನದು. ಎರಡಕ್ಷರದಲ್ಲಿ ಮೊದಲನೆಯದು ಇಂಗ್ಲಿಷಿನ ‘ಇ’ ಆದರೆ ಕ್ಲೈಡ್‌ಬ್ಯಾಂಕ್, ‘ಎ’ ಆದರೆ ಅಮೆರಿಕದ ಎಲಿಜಬೆತ್ ಊರು, ‘ಜೆ’ ಆದರೆ ಕೆನಡಾ. ಈಚಿನವುಗಳಲ್ಲಿ ಮಾದರಿಯ ಸಂಖ್ಯೆಯೇ ಕಂಬದ ಮೇಲಿನ ಪುಟ್ಟ ಫಲಕದಲ್ಲಿ ಇರುತ್ತದೆ. 201ಕೆ, 99ಕೆ ಎಂಬಲ್ಲಿನ ‘ಕೆ’ ಕ್ಲೈಡ್‌ಬ್ಯಾಂಕಿನ ಕಿಲ್ಬೋವಿ ಕಾರ್ಖಾನೆಯ ಗುರುತು.

ಸಂಖ್ಯೆಯಿಂದ ಸಿಗುವ ತಾರೀಖು ಆ ಸಂಖ್ಯೆಗಳ ಕಂತನ್ನು ಕಾರ್ಖಾನೆಗೆ ಹಂಚಿದ ದಿನದ್ದು, ಯಂತ್ರ ಪೂರ್ಣಗೊಂಡ ದಿನದ್ದಲ್ಲ. ಜಾರುವ ತಗಡಿನ ಮೇಲೆ ಪೇಟೆಂಟ್ ವರ್ಷಗಳನ್ನು ಒತ್ತಿದ್ದರೆ, ಯಂತ್ರ ಕೊನೆಯ ವರ್ಷಕ್ಕಿಂತ ಹಿಂದಿನದಲ್ಲ ಎಂದಷ್ಟೇ ತಿಳಿಯಿರಿ. ಪಿತ್ತಳೆ ಬಿಲ್ಲೆಯ ಅಂಚಿನಲ್ಲಿ 1851–1951 ಎಂದಿದ್ದರೆ ಅದು ಕಂಪನಿಯ ಶತಮಾನೋತ್ಸವದ ಗುರುತು. ಯಂತ್ರವೇ 1851ರದು ಎಂದು ಮಾರುವವರು ಹೇಳಿದರೆ ನಂಬಬೇಡಿ.

ಮುಟ್ಟಿ ನೋಡುವುದು

ಹೋಗುವಾಗ ಟಾರ್ಚು, ಯಂತ್ರದ ಎಣ್ಣೆ, ಒಂದು ಹೊಸ ಸೂಜಿ, ತುಂಡು ಬಟ್ಟೆ, ಎರಡು ಬಣ್ಣದ ದಾರ ಜೊತೆಗಿರಲಿ.

ಮೊದಲು ಚಕ್ರವನ್ನು ಕೈಯಿಂದ ನಿಧಾನವಾಗಿ, ಮೇಲ್ಭಾಗ ನಿಮ್ಮ ಕಡೆಗೆ ಬರುವಂತೆ ತಿರುಗಿಸಿ. ಹಲವು ಹಳೆಯ ಯಂತ್ರಗಳು ಮಾತ್ರ ಎದುರು ದಿಕ್ಕಿಗೆ ತಿರುಗುತ್ತವೆ, ಅನುಮಾನವಿದ್ದರೆ ಬಟ್ಟೆ ಎಳೆಯುವ ಹಲ್ಲುಗಳು ಯಾವ ಕಡೆ ಸಾಗುತ್ತವೆ ನೋಡಿ. ಚಕ್ರ ತಿರುಗಿಯೂ ಸೂಜಿ ಅಲುಗದಿದ್ದರೆ ಗಾಬರಿ ಬೇಡ, ಚಕ್ರದ ನಡುವಿನ ತಿರುಪು ಸಡಿಲವಾಗಿರಬಹುದು. ಬಾಬಿನ್ ಸುತ್ತುವಾಗ ಅದನ್ನು ಸಡಿಲಿಸಿ ಹಾಗೇ ಬಿಟ್ಟಿರುತ್ತಾರೆ.

ಚಕ್ರ ಅಲುಗಲೇ ಇಲ್ಲವೇ? ಬಲ ಹಾಕಬೇಡಿ. ತುಕ್ಕು ಕಾಣದೆ, ಸಂದುಗಳಲ್ಲಿ ಕಂದು ಬಣ್ಣದ ಅಂಟು ಕಂಡರೆ ಅದು ಒಣಗಿದ ಎಣ್ಣೆ. ಯಾರೋ ಅಡುಗೆ ಎಣ್ಣೆ ಬಿಟ್ಟಿದ್ದರಂತೂ ಅದು ಅರಗಿನಂತೆ ಗಟ್ಟಿಯಾಗಿರುತ್ತದೆ. ಇದಕ್ಕೆ ಮದ್ದು ಉಂಟು, ಇಂಥದ್ದನ್ನು ಧೈರ್ಯವಾಗಿ ಕೊಳ್ಳಬಹುದು. ಸೂಜಿಯ ಸಲಾಕೆಯ ಮೇಲೆ ಕೆಂಪು ತುಕ್ಕು ಗುಳಿ ಬಿದ್ದಿದ್ದರೆ, ಎರಕದ ಮೈಯಲ್ಲಿ ಬಿರುಕಿದ್ದರೆ ಕೈಬಿಡಿ. ಚಕ್ರ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ, ಲಟಲಟ ಎಂದರೆ ಒಳಗಿನ ಸವೆತ ಹೆಚ್ಚಿದೆ.

ಮೋಟರ್ ಇದ್ದರೆ ಪ್ಲಗ್ಗಿಗೆ ಹಾಕುವ ಮುನ್ನವೇ ವೈರನ್ನು ನೋಡಿ. ಹಳೆಯ ರಬ್ಬರ್ ಹೊದಿಕೆ ಬಿರಿದು ತಂತಿ ಕಾಣುತ್ತಿದ್ದರೆ ವಿದ್ಯುತ್ ಕೊಡಲೇಬಾರದು, ವೈರ್ ಬದಲಿಸಿದ ಮೇಲೆಯೇ ಓಡಿಸಬೇಕು. 1960ರ ದಶಕದ ಈಚಿನ ಕೆಲವು ಯಂತ್ರಗಳ ಒಳಗಿನ ಗಿಯರುಗಳು ಪ್ಲಾಸ್ಟಿಕ್. ಅವು ಕಾಲ ಸರಿದಂತೆ ಸೀಳುತ್ತವೆ.

ಎಲ್ಲ ಸರಿಯಿದ್ದರೆ ಹೊಲಿದು ನೋಡಿ. ಮೇಲೆ ಒಂದು ಬಣ್ಣ, ಬಾಬಿನ್ನಿನಲ್ಲಿ ಇನ್ನೊಂದು. ಬಟ್ಟೆಯ ಅಡಿಯಲ್ಲಿ ಮೇಲಿನ ಬಣ್ಣದ ಕುಣಿಕೆಗಳು ಕಂಡರೆ ಮೇಲ್ದಾರದ ಬಿಗಿ ಸಾಲದು. ಅದು ತಿರುಪಿನ ಕೆಲಸ, ಯಂತ್ರದ ದೋಷವಲ್ಲ.

ಮನೆಗೆ ತರುವುದು

ಯಂತ್ರದ ತಲೆಯನ್ನು ಮರದ ಪೆಟ್ಟಿಗೆಗೆ ಹಿಡಿದಿಟ್ಟಿರುವುದು ಹಿಂಬದಿಯ ಎರಡು ಕೀಲುಗಳು. ಅವುಗಳ ತಿರುಪು ಸಡಿಲವಾಗಿದ್ದರೆ, ಪೆಟ್ಟಿಗೆ ಎತ್ತುತ್ತಿದ್ದಂತೆ ತಲೆ ಕಳಚಿ ಕಾಲ ಮೇಲೆ ಬೀಳುತ್ತದೆ. ಎರಕದ ಕಬ್ಬಿಣ ಭಾರವೂ ಹೌದು, ಬಿದ್ದರೆ ಗಾಜಿನಂತೆ ಒಡೆಯುವುದೂ ಹೌದು. ದೂರದಿಂದ ತರಿಸುವುದಾದರೆ ತಲೆ ಮತ್ತು ಪೆಟ್ಟಿಗೆ ಬೇರೆ ಬೇರೆಯಾಗಿ ಬರಲಿ. ಷಟಲ್ ಮತ್ತು ಬಾಬಿನ್ನನ್ನು ಪೊಟ್ಟಣ ಕಟ್ಟಿ ಜೇಬಿನಲ್ಲೇ ಇಟ್ಟುಕೊಳ್ಳಿ.

ಮನೆಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಲು ಹೋಗಬೇಡಿ. ಕಪ್ಪು ಬಣ್ಣದ ಮೇಲಿನ ಹೊಳಪು ಅರಗಿನ ಲೇಪ, ಆಲ್ಕೋಹಾಲ್ ತಗುಲಿದರೆ ಅದು ಕರಗಿ ಬೆಳ್ಳಗೆ ಕಲೆಗಟ್ಟುತ್ತದೆ, ಹೊಂಬಣ್ಣದ ಚಿತ್ರವೂ ಅದರೊಂದಿಗೆ ಹೋಗುತ್ತದೆ. ಹತ್ತಿಯನ್ನು ಯಂತ್ರದ ಎಣ್ಣೆಯಲ್ಲಿ ಅದ್ದಿ ಹಗುರವಾಗಿ ಒರೆಸಿದರೆ ಸಾಕು. ಆಮೇಲೆ ಕಾಣುವ ಪ್ರತಿ ಎಣ್ಣೆಯ ತೂತಿಗೂ, ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೂ ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಇಡಿ. ಬೆಳಿಗ್ಗೆ ಚಕ್ರ ಒಂದು ಬೆರಳಗಲವಾದರೂ ಅಲುಗಿದರೆ ಇನ್ನೊಂದು ಸುತ್ತು ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸುತ್ತಿರಿ. ನನ್ನ ಸ್ಫಿಂಕ್ಸ್ ಯಂತ್ರದ ಚಕ್ರ ಪೂರ್ತಿ ಒಂದು ಸುತ್ತು ತಿರುಗಿದ್ದು ನಾಲ್ಕನೆಯ ಬೆಳಿಗ್ಗೆ.