‘ಹೌದು, ಇವರೇ’ ಅನ್ನುವ ಮೊದಲು ನಾನು ಏನೇನು ನೋಡುತ್ತೇನೆ

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಫೋಟೋ ನೋಡೋದು, ಮುಖ ನೋಡೋದು, ಅಷ್ಟೇ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅಷ್ಟೇ ಅಲ್ಲ.

ಗೆಳೆಯರನ್ನು ಹಳೇ ಮಸುಕು ಫೋಟೋದಲ್ಲೂ ಥಟ್ಟನೆ ಗುರುತು ಹಿಡಿಯುತ್ತೇವೆ. ಆ ಮುಖವನ್ನು ನಗುವಾಗ, ಸಿಟ್ಟಾದಾಗ, ಜ್ವರ ಬಂದು ಮಲಗಿದಾಗ ಎಲ್ಲ ನೋಡಿರುತ್ತೇವೆ. ಆ ಧೈರ್ಯವನ್ನೇ ಗುರುತು ಪರಿಚಯ ಇಲ್ಲದವರ ಮುಂದೆಯೂ ಇಟ್ಟುಕೊಂಡರೆ ಕಷ್ಟ. 2011ರ ಒಂದು ಅಧ್ಯಯನದಲ್ಲಿ ಇಬ್ಬರೇ ಇಬ್ಬರ 40 ಫೋಟೋ ಕೊಟ್ಟು, ಒಬ್ಬೊಬ್ಬರದು ಒಂದೊಂದು ಗುಂಪು ಮಾಡಿ ಅಂದರು. ಅವರನ್ನು ಮೊದಲು ಕಂಡಿರದವರು ಸರಾಸರಿ ಏಳೆಂಟು ಗುಂಪು ಮಾಡಿದರು! 2014ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನೇ ಪರೀಕ್ಷಿಸಿದಾಗ, ಬೇರೆಯವರ ಫೋಟೋವನ್ನು ಶೇ. 14ರಷ್ಟು ಸಲ ‘ಎದುರಿಗಿರುವವರದೇ’ ಅಂದರು. ವರ್ಷಗಟ್ಟಲೆ ಸರ್ವೀಸ್ ಆದವರು ಹೊಸಬರಿಗಿಂತ ಮೇಲೇನೂ ಇರಲಿಲ್ಲ. ಇದನ್ನು ಓದಿದ ಮೇಲೆ ನಾನು ನೋಡುವ ರೀತಿಯನ್ನೇ ಬದಲಿಸಿಕೊಂಡೆ.

ಈಗ ಹೆಸರು, ಹುಟ್ಟಿದ ದಿನಾಂಕ ಓದುವ ಮೊದಲು ಮುಖ ನೋಡುತ್ತೇನೆ, ಯಾಕೆಂದರೆ ವಿವರಗಳೆಲ್ಲ ಸರಿ ಇದ್ದರೆ ಫೋಟೋನೂ ಸರಿ ಅನ್ನಿಸಿಬಿಡುತ್ತದೆ. ಕೂದಲು, ಗಡ್ಡ, ದಪ್ಪ ಸಣ್ಣ ಇವನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಒಟ್ಟು ಮುಖಕ್ಕಿಂತ ಒಂದೊಂದೇ ಭಾಗ ನೋಡುವುದು ವಾಸಿ. ಕಿವಿ, ಮಚ್ಚೆ, ಗಾಯದ ಗುರುತು ಇವುಗಳ ಮೇಲೆ ನನಗೆ ಜಾಸ್ತಿ ಭರವಸೆ.

ಒಂದು ಸಲ ಒಬ್ಬ ಹುಡುಗ ಬಂದ. ಚೀಟಿಯಲ್ಲಿ ದುಂಡು ಮುಖ, ಎದುರಿಗೆ ನಿಂತವನದು ಬತ್ತಿದ ಕೆನ್ನೆ, ಗಡ್ಡ, ಉದ್ದ ಕೂದಲು. ಇವನಲ್ಲ ಅಂತಲೇ ಅನ್ನಿಸಿತು. ಹಿಂದೆ ಸಾಲು ಬೆಳೆಯುತ್ತಿತ್ತು. ‘ಸ್ವಲ್ಪ ಕನ್ನಡಕ ತೆಗೀತೀರಾ? ಕೂದಲು ಕಿವಿ ಹಿಂದಕ್ಕೆ ಮಾಡ್ಕೊಳ್ಳಿ’ ಅಂದೆ. ಕಿವಿಯ ಹಾಲೆ ಫೋಟೋದಲ್ಲಿ ಕೆನ್ನೆಗೆ ಅಂಟಿಕೊಂಡ ಹಾಗೇ ಇತ್ತು, ಮೇಲಂಚಿನ ಮಡಿಕೆ ಅದೇ ಜಾಗದಲ್ಲಿ ತೆಳುವಾಗಿತ್ತು, ಬಲ ಹುಬ್ಬಿನ ತುದಿಯಲ್ಲಿ ಅದೇ ಸಣ್ಣ ಮಚ್ಚೆ. ಒಳಗೆ ಬಿಟ್ಟೆ. ಅವನನ್ನು ವಾಪಸ್ ಕಳಿಸಿದ್ದರೆ ಓದಿದ್ದೆಲ್ಲ ನೀರುಪಾಲಾಗುತ್ತಿತ್ತು. ಮೋಸ ಮಾಡುವವರನ್ನು ತಡೆಯುವಷ್ಟೇ ಮುಖ್ಯ ಇದು.

ಬರುವವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಾಚಾ. ಕಷ್ಟ ಇರುವುದೂ ಅಲ್ಲೇ: ಬೇರೆಯವರ ಚೀಟಿ ಅಪರೂಪಕ್ಕೆ ಬಂದಷ್ಟೂ ಅದು ಕಣ್ತಪ್ಪುವುದು ಜಾಸ್ತಿ, ಇದನ್ನು ಪ್ರಯೋಗಗಳಲ್ಲೂ ಕಂಡಿದ್ದಾರೆ. ಅದಕ್ಕೆ ಆಗಾಗ ಜಾಗ ಬಿಟ್ಟುಕೊಟ್ಟು ಎದ್ದು ಹೋಗುತ್ತೇನೆ. ಅನುಮಾನ ಬಂದರೆ ಸಹೋದ್ಯೋಗಿಯನ್ನು ಕರೆಯುತ್ತೇನೆ. ‘ಇವರಲ್ಲ ಅನ್ಸತ್ತೆ, ನೋಡಿ’ ಅಂತ ಮಾತ್ರ ಹೇಳುವುದಿಲ್ಲ. ಹಾಗಂದರೆ ಅವರ ಕಣ್ಣೂ ನನ್ನ ಕಣ್ಣೇ ಆಗಿಬಿಡುತ್ತದೆ. ಅವರು ಹೇಳಿದ ಮೇಲೆ ನನ್ನದು.

ಹೊಸಬರಿಗೆ ಜೋಡಿ ಫೋಟೋ ತೋರಿಸಿ ಅಭ್ಯಾಸ ಮಾಡಿಸುತ್ತೇನೆ, ಪ್ರತಿ ಉತ್ತರಕ್ಕೂ ಸರಿಯೋ ತಪ್ಪೋ ಆಗಲೇ ಹೇಳಿಬಿಡುತ್ತೇನೆ. ಸುಮ್ನೆ ಉಪನ್ಯಾಸ ಕೊಡುವುದಕ್ಕಿಂತ ಇದು ಎಷ್ಟೋ ಮೇಲು. ನಿಜವಾದ ಕೆಲಸದಲ್ಲಿ ತಪ್ಪಿ ಒಳಗೆ ಹೋದವರು ‘ನಾನು ಅವನಲ್ಲ’ ಅಂತ ವಾಪಸ್ ಬಂದು ಹೇಳುವುದಿಲ್ಲವಲ್ಲ.

ಇನ್ನೊಂದು ಮಾತು, ಅರ್ಜಿಯ ಫಾರಂ ಮಾಡುವವರಿಗೆ. ಒಬ್ಬರದೇ ಬೇರೆ ಬೇರೆ ಸಮಯದ ಎರಡು ಮೂರು ಫೋಟೋ ಇದ್ದರೆ ಹೋಲಿಕೆ ಇನ್ನೂ ಸರಿಯಾಗಿ ಆಗುತ್ತದೆ ಅಂತ ಸಂಶೋಧನೆಯೇ ತೋರಿಸಿದೆ. ದಯವಿಟ್ಟು ಅಷ್ಟು ಜಾಗ ಬಿಡಿ.