ತಕಯಾಸು ಕಾಯಿಲೆಯಲ್ಲಿ ಏದುಸಿರೇ? ಎಕೋದಲ್ಲಿ ಬಲಭಾಗವನ್ನೂ ನೋಡಿ

ತಕಯಾಸು ಎಂದರೆ ದೊಡ್ಡ ರಕ್ತನಾಳಗಳ ಗೋಡೆಗೆ ಬರುವ ಉರಿಯೂತ. ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು 1908ರಲ್ಲಿ ಇದರ ಬಗ್ಗೆ ಬರೆದರು. ಕಾಣಿಸಿಕೊಳ್ಳುವುದು ಹೆಚ್ಚಾಗಿ 40ರೊಳಗಿನ ಹೆಂಗಸರಲ್ಲಿ. ಹಲವರಿಗೆ ಕೈಯಲ್ಲಿ ನಾಡಿ ಸಿಗುವುದಿಲ್ಲ, ಎರಡು ತೋಳಿನ ಬಿಪಿ ಬೇರೆ ಬೇರೆ ಇರುತ್ತದೆ. ಹಾಗಾಗಿ ಎಲ್ಲರ ಗಮನ ಹೃದಯದಿಂದ ಮೈಗೆ ರಕ್ತ ಒಯ್ಯುವ ಮಹಾಪಧಮನಿಯ ಮೇಲೆ. ಆದರೆ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಅಪಧಮನಿಯೂ ಕಿರಿದಾಗಬಹುದು. ಆಗ ಮೆಟ್ಟಿಲು ಹತ್ತಿದರೆ ಏದುಸಿರು, ಕೆಮ್ಮು, ಕೆಲವರಿಗೆ ಕಫದಲ್ಲಿ ರಕ್ತ. ನಮ್ಮ ಕಡೆ ಇಂಥ ಲಕ್ಷಣ ಕಂಡರೆ ಮೊದಲು ಟಿಬಿ ನೆನಪಾಗುತ್ತದೆ, ಅಲ್ವಾ?

ಕೆಲಸ ಶುರುವಾಗುವುದು ವೈದ್ಯರು ಎಕೋಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಗೆ, ಬರೆಯುವ ಚೀಟಿಯಿಂದ. ಸುಮ್ನೆ ‘ಎಕೋ’ ಅಂತ ಬರೆದರೆ ಸಾಲದು. ತಕಯಾಸು ಇದೆ, ಏದುಸಿರು ಇದೆ, ಹೃದಯದ ಬಲಭಾಗ ನೋಡಿ ಎಂದು ಬರೆಯಬೇಕು.

ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಎದೆಮೂಳೆಯ ಎಡಪಕ್ಕ ಪಕ್ಕೆಲುಬುಗಳ ನಡುವೆ ಪ್ರೋಬ್ ಇಡುತ್ತಾರೆ. ಅಡ್ಡ ನೋಟದಲ್ಲಿ ಪಲ್ಮನರಿ ಅಪಧಮನಿಯ ಕಾಂಡ, ಅದು ಎರಡಾಗಿ ಕವಲೊಡೆಯುವ ಜಾಗ ಕಾಣುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದಾಗ ಅಲ್ಲಿ ಬಣ್ಣಗಳು ಕಲಸಿಕೊಂಡರೆ ನಾಳ ಕಿರಿದಾಗಿರಬಹುದು. ಆಮೇಲೆ ಕತ್ತಿನ ಬುಡದ ಗುಳಿಯಲ್ಲಿ ಪ್ರೋಬ್ ಇಟ್ಟು, ಮಹಾಪಧಮನಿಯ ಕಮಾನಿನ ಕೆಳಗೆ ಹೋಗುವ ಬಲ ಕವಲನ್ನು ಹುಡುಕಬೇಕು.

ನಾಳ ಕಿರಿದಾದರೆ ಅದರ ಹಿಂದೆ, ಹೃದಯದ ಬಲಭಾಗದಲ್ಲಿ, ಒತ್ತಡ ಏರುತ್ತದೆ. ಹಾಗಾಗಿ ಮುಂದಿನದು ಒತ್ತಡದ ಲೆಕ್ಕ. ನನಗೆ ಇದೇ ಪರೀಕ್ಷೆಯ ಜೀವಾಳ ಅನ್ನಿಸುತ್ತದೆ. ಬಲಗಡೆಯ ಟ್ರೈಕಸ್ಪಿಡ್ ಕವಾಟದಿಂದ ಸ್ವಲ್ಪ ರಕ್ತ ಹಿಂದಕ್ಕೆ ಸೋರುತ್ತದೆ. ಅದರ ವೇಗವನ್ನು ಡಾಪ್ಲರ್ ಅಳೆಯುತ್ತದೆ. ವೇಗದ ವರ್ಗವನ್ನು 4ರಿಂದ ಗುಣಿಸಬೇಕು. ಸೆಕೆಂಡಿಗೆ 3.5 ಮೀಟರ್ ಇದ್ದರೆ 49. ಬಲ ಮೇಲ್ಕೋಣೆಯ ಒತ್ತಡ 8 ಎಂದಿಟ್ಟುಕೊಂಡು ಕೂಡಿಸಿದರೆ 57 ಮಿಲಿಮೀಟರ್ ಪಾದರಸ. ವೇಗ 2.8 ದಾಟಿದರೆ ಒತ್ತಡ ಜಾಸ್ತಿ ಇರುವ ಅನುಮಾನ, 3.4 ದಾಟಿದರೆ ಬಲವಾದ ಅನುಮಾನ. ಸೋರಿಕೆಯೇ ಸಿಗದಿದ್ದರೆ ಒತ್ತಡ ಸರಿಯಿದೆ ಎಂದಲ್ಲ, ಅಳೆಯಲು ಆಗಲಿಲ್ಲ ಎಂದಷ್ಟೇ ಅರ್ಥ.

ಹಾಗಾಗಿ ಆಕಾರವನ್ನೂ ನೋಡಬೇಕು. ಬಲ ಕೆಳಕೋಣೆ ಎಡದ್ದಕ್ಕಿಂತ ದೊಡ್ಡದಾಗಿದೆಯೇ? ನಡುಗೋಡೆ ಚಪ್ಪಟೆಯಾಗಿ, ಎಡಕೋಣೆ ಇಂಗ್ಲಿಷಿನ ‘ಡಿ’ ಅಕ್ಷರದಂತೆ ಕಾಣುತ್ತಿದೆಯೇ? ಪಲ್ಮನರಿ ಕವಾಟದ ಹತ್ತಿರ ರಕ್ತ ಗರಿಷ್ಠ ವೇಗ ಮುಟ್ಟಲು 105 ಮಿಲಿಸೆಕೆಂಡಿಗಿಂತ ಕಡಿಮೆ ಸಮಯ ಸಾಕಾಗುತ್ತಿದೆಯೇ? ಇವೂ ಒತ್ತಡ ಜಾಸ್ತಿ ಇರುವ ಸುಳಿವುಗಳು.

ಇಲ್ಲೊಂದು ಎಚ್ಚರ ಬೇಕು. ದೊಡ್ಡ ಕಾಂಡದಲ್ಲೇ ತಡೆ ಇದ್ದರೆ ಅದರ ಹಿಂದೆ ಒತ್ತಡ ಏರಿರುತ್ತದೆ, ಮುಂದಿನ ನಾಳಗಳಲ್ಲಿ ಇಲ್ಲದಿರಬಹುದು. ಅದಕ್ಕೇ ಸಂಖ್ಯೆಯ ಜೊತೆ ಕಿರಿದಾದ ಜಾಗವನ್ನೂ ವರದಿಯಲ್ಲಿ ಬರೆಯಬೇಕು.

ಎಕೋ ಕಣ್ಣು ಶ್ವಾಸಕೋಶದ ಒಳಗಿನ ಕವಲುಗಳವರೆಗೆ ಹೋಗುವುದಿಲ್ಲ. ಅಲ್ಟ್ರಾಸೌಂಡ್ ಗಾಳಿಯನ್ನು ದಾಟಲಾರದು. ಎಕೋ ಸರಿಯಿದ್ದೂ ಏದುಸಿರು ಹೋಗದಿದ್ದರೆ ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಮ್ ಬೇಕು. ಅದನ್ನು ಓದುವವರಿಗೂ ತಕಯಾಸು ಇರುವುದನ್ನು ಹೇಳಿ. ಮುಚ್ಚಿದ ಕವಲನ್ನು ಕಂಡು ರಕ್ತದ ಹಳೆಯ ಹೆಪ್ಪು ಎಂದುಕೊಳ್ಳುವ ಸಾಧ್ಯತೆ ತುಂಬಾ ಇದೆ.