ಪೆಟ್ರೋಲ್ ಟ್ಯಾಂಕಿನ ಪಿ.ವಿ. ವಾಲ್ವ್: ಮಂಡ್ಯ ಸುತ್ತಿನ ಬಂಕುಗಳಲ್ಲಿ ನನ್ನ ಅನುಭವ

ಬಂಕಿನಲ್ಲಿ ಪೆಟ್ರೋಲ್ ವಾಸನೆ ಜಾಸ್ತಿಯಾಗಿದೆ ಅಂತ ಫೋನ್ ಬಂದರೆ, ಸಾಮಾನ್ಯವಾಗಿ ಅದರ ಜೊತೆಗೇ ತೀರ್ಮಾನವೂ ಬಂದಿರುತ್ತದೆ. "ವಾಲ್ವ್ ಹೋಗೈತೆ ಸಾ, ಹೊಸದ್ ತಂದ್ ಹಾಕ್ಬುಡಿ." ನಾನು ಮೈಸೂರಿನಲ್ಲಿದ್ದುಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು ಕಡೆಯ ಬಂಕುಗಳಲ್ಲಿ ಟ್ಯಾಂಕು, ಪೈಪುಗಳ ಕೆಲಸ ಮಾಡುವವನು. ಹೊಸ ವಾಲ್ವ್ ತೆಗೆದುಕೊಂಡೇ ಹೋಗುತ್ತೇನೆ. ಆದರೆ ಏಣಿ ಹತ್ತುವ ಮುಂಚೆ ನೆಲದ ಮೇಲಿರುವ ಮುಚ್ಚಳಗಳನ್ನು ನೋಡುತ್ತೇನೆ. ಎಷ್ಟೋ ಸಲ ಏಣಿ ಹತ್ತುವ ಕೆಲಸವೇ ಬೀಳುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬಂಕಿನ ಟ್ಯಾಂಕು ನೆಲದೊಳಗಿರುತ್ತದೆ. ಅದರ ನೆತ್ತಿಯಿಂದ ಒಂದು ವೆಂಟ್ ಪೈಪು, ಅಂದರೆ ಗಾಳಿ, ಆವಿ ಹೋಗಿ ಬರುವ ಪೈಪು, ಮೇಲೆ ಬಂದಿರುತ್ತದೆ. ಬಂಕಿನ ಮೂಲೆಯಲ್ಲಿ, ಕಾಂಪೌಂಡ್ ಹತ್ತಿರ, ಸಾಲಾಗಿ ನಿಂತ ಪೈಪುಗಳನ್ನು ನೀವೂ ನೋಡಿರುತ್ತೀರಿ. ಅದರ ತುದಿ ನೆಲದಿಂದ ಕನಿಷ್ಠ 4 ಮೀಟರ್ ಎತ್ತರದಲ್ಲಿರಬೇಕು. ಬರೀ ತೆರೆದ ವೆಂಟ್ ಆದರೆ ಬಾಯಿಗೆ ತುಕ್ಕು ಹಿಡಿಯದ ಜಾಲರಿ ಎರಡು ಪದರ ಇರಬೇಕು, ಸೆಂಟಿಮೀಟರಿಗೆ 11 ಕಣ್ಣುಗಳಿಗೆ ಕಡಿಮೆಯಿಲ್ಲದಂತೆ. ಇದು ಪೆಟ್ರೋಲಿಯಂ ನಿಯಮಗಳ ಮಾತು. ಪೆಟ್ರೋಲ್ ಟ್ಯಾಂಕಿನ ವೆಂಟಿಗೆ ಈ ತೆರೆದ ಬಾಯಿಯ ಬದಲು ಪಿ.ವಿ. (ಪ್ರೆಷರ್-ವ್ಯಾಕ್ಯೂಮ್) ವಾಲ್ವ್ ಕೂರಿಸುತ್ತಾರೆ. ಟ್ಯಾಂಕಿನೊಳಗೆ ಒತ್ತಡ ಏರಿದರೆ ಅದು ಹೊರಕ್ಕೆ ಬಿಡುತ್ತದೆ, ಒಳಗೆ ಎಳೆತ (ವ್ಯಾಕ್ಯೂಮ್) ಜಾಸ್ತಿಯಾದರೆ ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಎರಡೂ ಇಲ್ಲದಾಗ ಮುಚ್ಚಿಕೊಂಡಿರುತ್ತದೆ.

ಒಳಗಿನ ರಚನೆ ನಮ್ಮ ಅಡುಗೆಮನೆಯ ಕುಕ್ಕರ್ ತರವೇ. ತೂಕದ ಒಂದು ಬಿಲ್ಲೆ ತನ್ನ ಸೀಟಿನ ಮೇಲೆ ಕೂತಿರುತ್ತದೆ, ಒತ್ತಡ ಸಾಕಷ್ಟಾದಾಗ ಏಳುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಸೋರುತ್ತಿದ್ದರೆ ವಿಷಲ್ ಬರುವುದಿಲ್ಲ ಅಲ್ವಾ? ಇಲ್ಲೂ ಅಷ್ಟೇ. ಲೋಡ್ ಇಳಿಸುವ ಫಿಲ್ ಪೈಪಿನ ಮುಚ್ಚಳ, ರಾಡು ಇಳಿಸಿ ಪೆಟ್ರೋಲ್ ಮಟ್ಟ ಅಳೆಯುವ ಡಿಪ್ ಪೈಪಿನ ಮುಚ್ಚಳ, ಆವಿಯ ಹೋಸ್ ಜೋಡಿಸುವ ವೇಪರ್ ಲೈನಿನ ಅಡಾಪ್ಟರ್, ಮ್ಯಾನ್‌ಹೋಲ್ ಪ್ಲೇಟಿನ ಗ್ಯಾಸ್ಕೆಟ್, ಇವುಗಳಲ್ಲಿ ಒಂದು ಸೋರಿದರೂ ಮೇಲಿನ ವಾಲ್ವ್ ಏಳುವುದೇ ಇಲ್ಲ. ಮೇಲಿಂದ ಹೋಗಬೇಕಾದ ಆವಿ ನೆಲಮಟ್ಟದಲ್ಲೇ ಹೊರಗೆ ಬರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಬಿಟ್ಟರೆ ಗಾಳಿಯಲ್ಲಿ ಹರಡಿಹೋಗುತ್ತದೆ. ಕೆಳಗೆ ಬಿಟ್ಟರೆ ಕಾಲಬುಡದಲ್ಲೇ ಹರಿದಾಡುತ್ತದೆ. ಬಂಕಿನಲ್ಲಿ ಮೂಗಿಗೆ ಬಡಿಯುವ ವಾಸನೆ ಬಹಳ ಸಲ ಇದೇ. ಹಾಗಾಗಿ ನಾನು ಮೊದಲು ಮುಚ್ಚಳ ತಿರುವಿ ರಬ್ಬರ್ ನೋಡುತ್ತೇನೆ. ಒಣಗಿ ಗಟ್ಟಿಯಾಗಿದ್ದರೆ ಉಗುರು ಒತ್ತಿದರೂ ಗುರುತು ಬೀಳುವುದಿಲ್ಲ. ಪೆಟ್ರೋಲಿಗೆ ಎಥನಾಲ್ ಸೇರಿಸುವುದು ಹೆಚ್ಚಾದ ಮೇಲೆ ಇದನ್ನು ಇನ್ನೂ ಗಮನಿಸಬೇಕಾಗಿದೆ. ಸಿಕ್ಕ ಸಿಕ್ಕ ರಬ್ಬರ್ ಎಥನಾಲ್ ತಡೆಯುವುದಿಲ್ಲ, ಉಬ್ಬಿ ತಾನು ಕೂತಿರುವ ಸಂದಿನಿಂದ ಹೊರಗೆ ಬರುತ್ತದೆ. ಅಂಗಡಿಯಲ್ಲಿ ಅಳತೆ ಮಾತ್ರ ಕೇಳಿ ಓ-ರಿಂಗ್ ತರಬೇಡಿ, ಇ20ಗೆ, ಅಂದರೆ ನೂರಕ್ಕೆ 20 ಎಥನಾಲ್ ಬೆರೆತ ಪೆಟ್ರೋಲಿಗೆ, ಆಗುತ್ತದೋ ಇಲ್ಲವೋ ಕೇಳಿ ತನ್ನಿ.

ಈಗ ವಾಲ್ವಿನ ಅಳತೆಗೆ ಬರುತ್ತೇನೆ. ನಾನು ಹೆಚ್ಚಾಗಿ ಕೂರಿಸುವುದು 3 ಇಂಚು ನೀರಿನ ಒತ್ತಡಕ್ಕೆ (ಅಂದರೆ 3 ಇಂಚು ಎತ್ತರದ ನೀರು ಒತ್ತುವಷ್ಟಕ್ಕೆ) ತೆರೆಯುವ, 8 ಇಂಚು ನೀರಿನ ಎಳೆತಕ್ಕೆ ಗಾಳಿ ಬಿಡುವ ವಾಲ್ವ್. ಅಮೆರಿಕದ ನಿಯಮದಲ್ಲಿ ಒತ್ತಡಕ್ಕೆ 2.5ರಿಂದ 6 ಇಂಚು, ಎಳೆತಕ್ಕೆ 6ರಿಂದ 10 ಇಂಚು ಅಂತ ಮಿತಿ ಇದೆ. ಈ ವಾಲ್ವ್ ಅದರೊಳಗೇ ಬರುತ್ತದೆ. 3 ಇಂಚು ನೀರು ಅಂದರೆ 0.11 ಪಿಎಸ್‌ಐ. ಕಾರಿನ ಟೈರಿಗೆ ನಾವು 30 ಹಾಕಿಸುತ್ತೇವೆ. ಮಾಮೂಲಿ ಪ್ರೆಷರ್ ಗೇಜಿನಲ್ಲಿ ಇಷ್ಟಕ್ಕೆ ಮುಳ್ಳು ಅಲುಗುವುದೂ ಇಲ್ಲ. ಹಾಗಂತ ಸಣ್ಣ ಒತ್ತಡ ಅಂದುಕೊಂಡು ಸುಮ್ನೆ ಬಿಡುವ ಹಾಗೂ ಇಲ್ಲ. ಒಂದು ಮಿಲಿಮೀಟರ್ ನೀರು ಅಂದರೆ ಚದರ ಮೀಟರಿಗೆ ಒಂದು ಕೆಜಿ ಭಾರ. 3 ಇಂಚು ಅಂದರೆ 76 ಮಿಲಿಮೀಟರ್. ಎರಡು ಮೀಟರ್ ವ್ಯಾಸದ ಟ್ಯಾಂಕಿನ ಒಂದು ಕೊನೆಯ ತಟ್ಟೆಯ ಮೇಲೆ ಸುಮಾರು 240 ಕೆಜಿ ಬೀಳುತ್ತದೆ. ವೆಂಟ್ ಪೂರ್ತಿ ಕಟ್ಟಿಕೊಂಡಿದ್ದಾಗ ಟ್ಯಾಂಕರ್ ಲೋಡ್ ಇಳಿಸಿದರೆ? ಟ್ಯಾಂಕರಿನಲ್ಲಿರುವ ಪೆಟ್ರೋಲ್ ಭೂಮಿಯೊಳಗಿನ ಮಟ್ಟಕ್ಕಿಂತ ಮೂರು ಮೀಟರ್ ಮೇಲಿದೆ ಅಂತಿಟ್ಟುಕೊಳ್ಳಿ. ಅದೇ ತಟ್ಟೆಯ ಮೇಲೆ ಏಳು ಟನ್ ಹತ್ತಿರಕ್ಕೆ ಹೋಗಬಹುದು. ಅಷ್ಟರಲ್ಲಿ ಲೋಡ್ ಇಳಿಯುವುದೇ ನಿಂತಿರುತ್ತದೆ. ಡ್ರೈವರ್ ಹೋಸ್ ಬಿಚ್ಚಿದರೆ ಒಳಗಿನ ಒತ್ತಡ ಪೆಟ್ರೋಲನ್ನು ಫಿಲ್ ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಲೋಡ್ ನಿಧಾನವಾಗಿ ಇಳಿಯುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಅದನ್ನು ವಾಸನೆಯ ದೂರಿಗಿಂತ ಮೊದಲು ನೋಡುವುದು ಇದಕ್ಕೇ.

ಕಟ್ಟಿಕೊಳ್ಳುವುದು ಹೇಗೆ? ಕಡಜಗಳು. ಬಿಲ್ಲೆಯ ಮೇಲಿನ ಮಳೆ ಮುಚ್ಚಳದೊಳಗೆ ಮಣ್ಣಿನ ಗೂಡು ಕಟ್ಟುತ್ತವೆ, ಒಣಗಿದ ಮೇಲೆ ಸಿಮೆಂಟ್ ಹಾಗೆ ಕಚ್ಚಿಕೊಂಡಿರುತ್ತದೆ. ನಮ್ಮ ಕಡೆ ಇನ್ನೊಂದು ಇದೆ, ಆಲೆಮನೆ. ಮಂಡ್ಯ, ಪಾಂಡವಪುರ ಸುತ್ತ ರಸ್ತೆ ಬದಿಯಲ್ಲೇ ಬೆಲ್ಲ ಬೇಯುತ್ತಿರುತ್ತದೆ. ಕಬ್ಬಿನ ಸಿಪ್ಪೆ ಉರಿಸಿದ ಕರಿ ಮಸಿ ಗಾಳಿಯಲ್ಲಿ ಬಂದು ಜಾಲರಿಗೆ ಕೂರುತ್ತದೆ. ಬಿಲ್ಲೆ ಮತ್ತು ಸೀಟಿನ ನಡುವೆ ಆ ಮಸಿ ಸಿಕ್ಕಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಕಡಜದ ಗೂಡಿನಿಂದ ತೆರೆಯದ ತೊಂದರೆ, ಮಸಿಯಿಂದ ಮುಚ್ಚದ ತೊಂದರೆ. ಆಲೆಮನೆ ಪಕ್ಕದ ಬಂಕುಗಳಲ್ಲಿ ವರ್ಷಕ್ಕೊಮ್ಮೆ ಸಾಲದು, ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಇಳಿಸಿ ನೋಡಿ ಅಂತ ನಾನು ಹೇಳುತ್ತೇನೆ.

ಇಳಿಸಿದ ವಾಲ್ವನ್ನು ಪರೀಕ್ಷೆ ಮಾಡಲು ನನ್ನ ಹತ್ತಿರ ದುಬಾರಿ ಸಾಮಾನು ಇಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಇದೆಯಲ್ಲ, ಅದನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಕಟ್ಟಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿ, ಕೆಂಪು ಇಂಕು ಬೆರೆಸಿದ ನೀರು ತುಂಬಿದ್ದೇನೆ. ಎರಡು ಇಂಚಿನ ಒಂದು ಪೈಪ್ ತುಂಡಿನ ತಲೆಗೆ ವಾಲ್ವ್, ಕೆಳಗೆ ಮುಚ್ಚಳ, ಪಕ್ಕದ ಎರಡು ಸಣ್ಣ ತೂತುಗಳಲ್ಲಿ ಒಂದಕ್ಕೆ ಈ ಪೈಪು, ಇನ್ನೊಂದಕ್ಕೆ ಔಷಧಿ ಅಂಗಡಿಯ 50 ಎಂಎಲ್ ಸಿರಿಂಜ್. ತುಂಡಿನೊಳಗೆ ಒಂದು ಲೀಟರ್ ಗಾಳಿ ಇದ್ದರೆ 3 ಇಂಚು ಒತ್ತಡ ಏರಿಸಲು ಎಂಟು ಹತ್ತು ಎಂಎಲ್ ಒತ್ತಿದರೆ ಸಾಕು. ಸಿರಿಂಜ್ ಹಿಂದಕ್ಕೆ ಎಳೆದರೆ ಎಳೆತದ ಕಡೆಯೂ ನೋಡಬಹುದು. ವಾಲ್ವ್ ನೆಟ್ಟಗೆ ನಿಂತಿರಬೇಕು, ವಾಲಿದರೆ ಬಿಲ್ಲೆಯ ತೂಕ ಸರಿಯಾಗಿ ಬೀಳುವುದಿಲ್ಲ.

ನಿಧಾನವಾಗಿ ಒತ್ತಬೇಕು. ಕೆಂಪು ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರುತ್ತದೆ. ಎರಡರ ನಡುವಿನ ಅಂತರವೇ ಒತ್ತಡ, ಒಂದೇ ಕಡೆ ಓದಿದರೆ ಅರ್ಧ ಮಾತ್ರ ಸಿಗುತ್ತದೆ. 3 ಇಂಚಿಗೆ ಒಂದು ಕಡೆ 38 ಮಿಲಿಮೀಟರ್ ಕೆಳಗೆ, ಇನ್ನೊಂದು ಕಡೆ 38 ಮೇಲೆ. ಒಳ್ಳೆಯ ವಾಲ್ವ್ ಅಲ್ಲಿಗೆ ಬಂದಾಗ ಸಣ್ಣಗೆ 'ಟಕ್' ಅನ್ನುತ್ತದೆ, ನೀರು ಒಂದಿಷ್ಟು ಹಿಂದೆ ಸರಿದು ನಿಲ್ಲುತ್ತದೆ. ಆಮೇಲೆ 2 ಇಂಚಿಗೆ ತಂದು ಬಿಟ್ಟು ಚಹಾ ಕುಡಿಯುತ್ತೇನೆ. ವಾಪಸ್ ಬಂದಾಗ ನೀರು ಸಮ ಆಗಿದ್ದರೆ ಸೀಟು ಸೋರುತ್ತಿದೆ. ಬಟ್ಟೆಯಿಂದ ಒರೆಸಿ ಮತ್ತೆ ನೋಡುತ್ತೇನೆ. ಎಮರಿ ಕಾಗದದಲ್ಲಿ ಉಜ್ಜುವುದು ಬೇಡ, ಗೀರು ಬಿದ್ದರೆ ಅದು ಮುಗಿದ ಹಾಗೆ. ಸ್ಪ್ರಿಂಗ್ ಎಳೆದು, ಬಿಲ್ಲೆಗೆ ವಾಷರ್ ಸೇರಿಸಿ 'ಅಡ್ಜಸ್ಟ್' ಮಾಡುವವರನ್ನೂ ನೋಡಿದ್ದೇನೆ. ಅಂಥ ವಾಲ್ವನ್ನು ನಾನು ವಾಪಸ್ ಕೂರಿಸುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಒಂದು ವಿಚಿತ್ರ ತೊಂದರೆ ಬರಬಹುದು. ಮದ್ದೂರು ಕಡೆಯ ಒಂದು ಬಂಕಿನಲ್ಲಿ ತೆರೆದ ವೆಂಟ್ ತೆಗೆದು ಪಿ.ವಿ. ವಾಲ್ವ್ ಕೂರಿಸಿ, ಎಲ್ಲ ಗ್ಯಾಸ್ಕೆಟ್ ಹೊಸದು ಹಾಕಿ ಬಂದಿದ್ದೆವು. ಸ್ವಲ್ಪ ದಿನಕ್ಕೆ ಯಜಮಾನರ ಫೋನ್. ರಾತ್ರಿ ಡಿಪ್ ಹಾಕಿದರೆ ಪೆಟ್ರೋಲ್ ಶಾರ್ಟ್, ಬೆಳಿಗ್ಗೆ ಹಾಕಿದರೆ ಹೆಚ್ಚು ಕಮ್ಮಿ ಸರಿ. ಅವರ ಅನುಮಾನ ರಾತ್ರಿ ಪಾಳಿಯ ಹುಡುಗರ ಮೇಲೆ. "ಕದ್ದೋರು ಬೆಳಗಾನ ವಾಪಸ್ ತಂದ್ ಸುರೀತಾರಾ ಅಣ್ಣ?" ಅಂತ ಅಲ್ಲಿನ ಮ್ಯಾನೇಜರ್ ನನ್ನನ್ನು ಕೇಳಿದ. ಮಾತು ಸರಿ ಇತ್ತು.

ಆಫೀಸಿನ ಆಟೋಮ್ಯಾಟಿಕ್ ಗೇಜ್ ನೋಡಿದರೆ ಅದರಲ್ಲಿ ಶಾರ್ಟ್ ಇಲ್ಲ. ಡಿಪ್ ರಾಡಿನಲ್ಲಿ ಮಾತ್ರ. ಆ ಬಂಕಿನ ಡಿಪ್ ಪೈಪು ಟ್ಯಾಂಕಿನ ತಳದ ಹತ್ತಿರದವರೆಗೂ ಇಳಿದಿತ್ತು, ಮೇಲುಗಡೆ ಎಲ್ಲೂ ತೂತು ಇರಲಿಲ್ಲ. ಅಂದರೆ ಪೈಪಿನೊಳಗಿನ ಗಾಳಿಗೂ ಟ್ಯಾಂಕಿನೊಳಗಿನ ಆವಿಗೂ ಸಂಬಂಧ ಇಲ್ಲ. ದಿನವಿಡೀ ಪೆಟ್ರೋಲ್ ಮಾರಿದಾಗ ಟ್ಯಾಂಕಿನೊಳಗೆ ಎಳೆತ ಬರುತ್ತದೆ. 8 ಇಂಚು ಆಗುವವರೆಗೂ ವಾಲ್ವ್ ಗಾಳಿ ಬಿಡುವುದಿಲ್ಲ. ಡಿಪ್ ಮುಚ್ಚಳ ತೆಗೆದಾಗ ಹೊರಗಿನ ಗಾಳಿ ಪೈಪಿನೊಳಗಿನ ಪೆಟ್ರೋಲನ್ನು ಕೆಳಕ್ಕೆ ಒತ್ತುತ್ತದೆ. ರಾಡು ಕಡಿಮೆ ತೋರಿಸುತ್ತದೆ. ಮಾರಾಟ ನಿಂತ ಮೇಲೆ ರಾತ್ರಿ ಏನಾಗುತ್ತದೆ? ಒಳಗೆ ಬಂದಿದ್ದ ಗಾಳಿಗೆ ಪೆಟ್ರೋಲ್ ಆವಿಯಾಗಿ ಸೇರುತ್ತದೆ, ಎಳೆತ ಕರಗುತ್ತದೆ, ಬೆಳಿಗ್ಗೆ ರಾಡು ಸರಿಯಾಗಿ ತೋರಿಸುತ್ತದೆ. ಗೇಜಿನ ಫ್ಲೋಟ್ ಟ್ಯಾಂಕಿನ ಪೆಟ್ರೋಲ್ ಮೇಲೆಯೇ ತೇಲುವುದರಿಂದ ಅದಕ್ಕೆ ಈ ಕಾಟ ಇಲ್ಲ.

ಬಾಯಲ್ಲಿ ಹೇಳಿದರೆ ಯಜಮಾನರು ನಂಬುವ ಹಾಗಿರಲಿಲ್ಲ. ರಾತ್ರಿ ಲೆಕ್ಕದ ಹೊತ್ತಿಗೆ ಅವರನ್ನೇ ನಿಲ್ಲಿಸಿಕೊಂಡು ಡಿಪ್ ಹಾಕಿಸಿದೆ. ಆಮೇಲೆ ವೇಪರ್ ಅಡಾಪ್ಟರಿನ ಮುಚ್ಚಳ ತೆಗೆದು, ಒಳಗಿನ ಪಾಪೆಟ್ಟನ್ನು, ಅಂದರೆ ಒತ್ತಿದರೆ ತೆರೆಯುವ ಸಣ್ಣ ವಾಲ್ವನ್ನು, ಮರದ ಕಡ್ಡಿಯಿಂದ ಒತ್ತಿ ಹಿಡಿದೆ. ಸೊಯ್ಯ್ ಅಂತ ಗಾಳಿ ಒಳಕ್ಕೆ ಹೋಯಿತು. ಸದ್ದು ನಿಂತ ಮೇಲೆ ಮತ್ತೆ ಡಿಪ್. ರಾಡಿನ ಮೇಲೆ ಒದ್ದೆ ಗುರುತು 4 ಸೆಂಟಿಮೀಟರ್ ಮೇಲೆ ಬಂದಿತ್ತು. 20 ಸಾವಿರ ಲೀಟರಿನ, ಎರಡು ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ನಡು ಮಟ್ಟದ ಹತ್ತಿರ ಒಂದು ಸೆಂಟಿಮೀಟರ್ ಅಂದರೆ 125 ಲೀಟರಿಗೂ ಜಾಸ್ತಿ. ಲೆಕ್ಕ ಹಾಕಿ, 500 ಲೀಟರ್ 'ಕಳ್ಳತನ' ಅಲ್ಲೇ ಕಣ್ಣ ಮುಂದೆ ವಾಪಸ್ ಬಂತು. ಯಜಮಾನರು ಏನೂ ಹೇಳಲಿಲ್ಲ, ರಾಡು ಒರೆಸಿ ಇನ್ನೊಂದು ಸಲ ತಾವೇ ಹಾಕಿ ನೋಡಿದರು. ಆಮೇಲೆ ಕಂಪನಿ ಎಂಜಿನಿಯರ್ ಒಪ್ಪಿಗೆ ತೆಗೆದುಕೊಂಡು, ಟ್ಯಾಂಕಿನ ನೆತ್ತಿಯ ಕೆಳಗೆ ತೂತಿರುವ ಡಿಪ್ ಪೈಪು ಹಾಕಿಸಿದರು. ಅಲ್ಲಿಯವರೆಗೆ ಪಾಪೆಟ್ಟು ಒತ್ತಿ ಆಮೇಲೆ ಡಿಪ್ ಹಾಕುವುದು ಅಂತ ಮಾಡಿಕೊಂಡರು. ಒತ್ತುವಾಗ ಮುಖ ಪಕ್ಕಕ್ಕಿರಲಿ. ಒಳಗೆ ಎಳೆತದ ಬದಲು ಒತ್ತಡ ಇದ್ದರೆ ಆವಿ ಮುಖಕ್ಕೇ ಬರುತ್ತದೆ. ಆಗ ರಾಡು ಕಡಿಮೆಯಲ್ಲ, ಜಾಸ್ತಿ ತೋರಿಸುತ್ತಿರುತ್ತದೆ.

ಒತ್ತಡ ಬರುವುದು ಮಾರಾಟ ನಿಧಾನ ಇರುವ ಬಂಕುಗಳಲ್ಲಿ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಹಳೇ ರಸ್ತೆಯ ಊರೊಳಗಿನ ಬಂಕುಗಳಿಗೆ ದೂರದ ಗಾಡಿಗಳು ಮೊದಲಿನ ಹಾಗೆ ಬರುವುದಿಲ್ಲ. ಅರ್ಧ ಖಾಲಿ ಟ್ಯಾಂಕು ಹಾಗೇ ಇರುತ್ತದೆ, ಒಳಗಿನ ಗಾಳಿ ಆವಿ ಕುಡಿದು ಹಿಗ್ಗುತ್ತಲೇ ಇರುತ್ತದೆ. ಬಿಸಿಲಿಗೂ ಇದಕ್ಕೂ ಅಂಥ ಸಂಬಂಧ ಇಲ್ಲ, ನೆಲದೊಳಗಿನ ಟ್ಯಾಂಕಿನ ಬಿಸಿ ದಿನದಲ್ಲಿ ಹೆಚ್ಚೇನೂ ಏರಿಳಿಯುವುದಿಲ್ಲ.

ಮೇಲೆ ಹತ್ತುವ ಕೆಲಸದ ಬಗ್ಗೆ ಉದ್ದ ಹೇಳುವುದಿಲ್ಲ. ಲೋಡ್ ಇಳಿಯುವಾಗ ಹತ್ತಬಾರದು. ಮೊಬೈಲ್ ಕೆಳಗೆ ಬಿಡಬೇಕು, ಹತ್ತಿ ಬಟ್ಟೆ, ಹಿತ್ತಾಳೆ ಸ್ಪ್ಯಾನರ್. ಕೆಳಗೆ ಏಣಿ ಹಿಡಿಯಲು ಒಬ್ಬರು. ವಾಲ್ವ್ ಕೂರಿಸಲು ಪೈಪಿನ ಥ್ರೆಡ್ಡಿಗೆ ಟೇಪ್ ಸುತ್ತುವಾಗ ಮೊದಲ ಎಳೆ ಬಿಟ್ಟು ಸುತ್ತಿ, ಇಲ್ಲದಿದ್ದರೆ ತುಂಡು ಪೈಪಿನೊಳಗೆ ಇಳಿಯುತ್ತದೆ. ಡೀಸೆಲ್ ವೆಂಟನ್ನು ಪೆಟ್ರೋಲ್ ವೆಂಟಿಗೆ ಸೇರಿಸಿ ಒಂದೇ ವಾಲ್ವಿನಲ್ಲಿ ಮುಗಿಸೋಣ ಅಂತ ಕೇಳುವವರಿದ್ದಾರೆ. ಪೆಟ್ರೋಲ್ ಆವಿ ಡೀಸೆಲ್ ಟ್ಯಾಂಕಿಗೆ ಹೋದರೆ ಡೀಸೆಲ್ಲಿನ ಫ್ಲ್ಯಾಶ್ ಪಾಯಿಂಟ್ ಇಳಿಯುತ್ತದೆ, ಅಂದರೆ ಕಡಿಮೆ ಬಿಸಿಗೇ ಅದರ ಆವಿ ಹೊತ್ತಿಕೊಳ್ಳುತ್ತದೆ. ನಾನು ಮಾಡುವುದಿಲ್ಲ.

ಕೊನೆಗೆ ಎಲ್ಲರೂ ಕೇಳುವುದು ವಾಲ್ವ್ ಹಾಕಿದರೆ ಎಷ್ಟು ಪೆಟ್ರೋಲ್ ಉಳಿಯುತ್ತದೆ ಅಂತ. ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕದಲ್ಲಿ ಟ್ಯಾಂಕಿನ ಉಸಿರಾಟದಿಂದ ಹೋಗುವುದು ಲೀಟರಿಗೆ 120 ಮಿಲಿಗ್ರಾಂ. ಲೋಡ್ ಇಳಿಸುವಾಗ ಹೋಗುವುದು 880, ಆವಿಯನ್ನು ಟ್ಯಾಂಕರಿಗೇ ವಾಪಸ್ ಕಳಿಸುವ ವೇಪರ್ ಹೋಸ್ ಜೋಡಿಸಿದರೆ ಬರೀ 40. 12 ಸಾವಿರ ಲೀಟರಿನ ಲೋಡಿಗೆ ಉಸಿರಾಟದ್ದು ಸುಮಾರು 2 ಲೀಟರ್, ಇಳಿಸುವಾಗಿನದ್ದು ಸುಮಾರು 14 ಲೀಟರ್. ಅಲ್ಲಿಯ ಹವೆ, ಅಲ್ಲಿಯ ಪೆಟ್ರೋಲ್ ಬೇರೆ, ನಮ್ಮಲ್ಲಿ ಅಂಕಿ ಬದಲಾದೀತು. ಆದರೆ ಯಾವುದು ದೊಡ್ಡದು ಅನ್ನುವುದು ಕಾಣುತ್ತದಲ್ಲ. ವಾಲ್ವಿಗೆ ದುಡ್ಡು ಹಾಕಿ, ವೇಪರ್ ಹೋಸನ್ನು ಗೋಡೆಗೆ ನೇತುಹಾಕಿ, ಟೈಮ್ ಇಲ್ಲ ಅಂತ ಹಾಗೇ ಲೋಡ್ ಇಳಿಸುವ ಬಂಕುಗಳಿವೆ. ಅಂಥ ಕಡೆ ನಾನು ವಾಲ್ವ್ ಮಾರುವುದಕ್ಕೆ ಮುಂಚೆ ಆ ಹೋಸಿನ ಕಪ್ಲಿಂಗ್ ಬಿಗಿಯಾಗಿ ಕೂರುತ್ತದೋ ಇಲ್ಲವೋ ನೋಡಿ, ಮುಂದಿನ ಲೋಡಿಗೆ ಜೋಡಿಸಿ ತೋರಿಸಿ ಬರುತ್ತೇನೆ.